ತಿದ್ದುವ ಚಪಲ

ಹೋದ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಏರ್ಪಡಿಸಿದ್ದರು. ವಿಷಯ, 'ಅಜ್ಜಿಯ ಮನೆ'. ಬಹುಮಾನ ಹಂಚುವ ಹೊತ್ತಿಗೆ ತೀರ್ಪುಗಾರರೊಬ್ಬರು, ಸಭಿಕರನ್ನು ಸ್ವಲ್ಪ ನಗಿಸೋಣವೆಂದೋ ಏನೋ, ಆರನೆಯ ತರಗತಿಯ ಹುಡುಗನೊಬ್ಬನ ಒಂದು ವಾಕ್ಯವನ್ನು ಧ್ವನಿವರ್ಧಕದಲ್ಲಿ ಓದಿದರು: "ಅಜ್ಜಿ ಬೆಳಿಗ್ಗೆ ಎದ್ದ ಕೂಡಲೆ ನನಗೆ ಪಾಲು ಕೊಟ್ಟಳು." ಸಭೆ ಗೊಳ್ಳೆಂದು ನಕ್ಕಿತು. ಇಷ್ಟು ಸುಲಭವಾಗಿ ಪಾಲು ಸಿಗುವಂತಿದ್ದರೆ ನಾನೇಕೆ ಇಪ್ಪತ್ತು ವರ್ಷ ಕೋರ್ಟು ಅಲೆಯುತ್ತಿದ್ದೆ ಎಂದು ಹಿಂದಿನ ಸಾಲಿನ ಮಹನೀಯರೊಬ್ಬರು ಕೂಗಿ ಹೇಳಿದ ಮೇಲಂತೂ ನಗು ಇನ್ನೂ ಜೋರಾಯಿತು. ನಾವೂ ನಕ್ಕವರಲ್ಲಿ ಒಬ್ಬರು. ಹುಡುಗ ಬಾಗಿಲ ಬಳಿ ನಿಂತಿದ್ದ. ಅವನು ನಗಲಿಲ್ಲ. ಈ ವರ್ಷ ಸ್ಪರ್ಧೆಗೆ ಹೆಸರು ಕೊಟ್ಟವರ ಪಟ್ಟಿಯಲ್ಲಿ ಅವನು ಇರಲಿಲ್ಲ. ಅವನ ತಾಯಿಯವರನ್ನು ವಿಚಾರಿಸಿದಾಗ, "ಕನ್ನಡದಲ್ಲಿ ಬರೆಯೋದೇ ಬಿಟ್ಟಿದಾನೆ ಸಾರ್, ತೆಲುಗೇ ಸುಲಭ ಅಂತಾನೆ" ಎಂದರು.

ಆ ಹುಡುಗ ಬರೆಯಹೊರಟಿದ್ದು 'ಹಾಲು' ಎಂದು. ದಿನ ಬೆಳಗಾದರೆ ಬೀದಿಯಲ್ಲಿ, ಅಂಗಡಿಯಲ್ಲಿ, ಹಾಲಿನ ಪ್ಯಾಕೆಟ್ಟಿನ ಮೇಲೆ ಅವನು ಕೇಳುವುದೂ ಕಾಣುವುದೂ 'ಪಾಲು' ಎಂಬ ತೆಲುಗು ಶಬ್ದವನ್ನೇ. ಆದ್ದರಿಂದ ಹಾಗೆ ಬರೆದ. ಇಷ್ಟು ಯಾರಿಗಾದರೂ ಹೊಳೆಯುತ್ತದೆ. ನಮಗೆ ಮನೆಗೆ ಬಂದ ಮೇಲೆ ಹೊಳೆದ ಸಂಗತಿ ಬೇರೆ. ಹಳಗನ್ನಡದಲ್ಲಿ ಅದು 'ಪಾಲ್' ಎಂದೇ ಇತ್ತು. ಹೂವು 'ಪೂ' ಆಗಿತ್ತು, ಹುಲಿ 'ಪುಲಿ' ಆಗಿತ್ತು, ಹಳ್ಳಿ 'ಪಳ್ಳಿ' ಆಗಿತ್ತು. ತೆಲುಗಿನವರು ಇಂದಿಗೂ ಪುವ್ವು, ಪುಲಿ, ಪಲ್ಲೆ ಎನ್ನುತ್ತಾರೆ. ನಾವು ಮಾತ್ರ ಶತಮಾನಗಳ ಅವಧಿಯಲ್ಲಿ ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡೆವು. ಆದಿಕವಿ ಪಂಪ ಹತ್ತನೆಯ ಶತಮಾನದಲ್ಲಿ ಅರಿಕೇಸರಿಯ ಆಸ್ಥಾನದಲ್ಲಿ ಕುಳಿತು ಬರೆದದ್ದು ವೇಮುಲವಾಡದಲ್ಲಿ. ಅದು ನಮ್ಮ ಹೈದರಾಬಾದಿನಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಪಂಪನೇನಾದರೂ ನಮ್ಮ ಸ್ಪರ್ಧೆಗೆ ಬಂದಿದ್ದರೆ ಅವನನ್ನೂ ಹೀಗೆಯೇ ನಕ್ಕು ಕಳಿಸುತ್ತಿದ್ದೆವೇನೋ.

ಇನ್ನೂ ಒಂದು ಮಾತು. ನಮ್ಮ ಹುಟ್ಟೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ನಮ್ಮ ಅಜ್ಜಿ ಹಸುವನ್ನು 'ಅಸ' ಎಂದೂ ಹಾಲನ್ನು 'ಆಲು' ಎಂದೂ ಹೇಳುತ್ತಿದ್ದರು. ಅದನ್ನೇ ಶಾಲೆಯಲ್ಲಿ ಹೇಳಿ ನಾವು ಮೇಷ್ಟರಿಂದ ಕಿವಿ ಹಿಂಡಿಸಿಕೊಂಡಿದ್ದೇವೆ. ಪಾಲು, ಹಾಲು, ಆಲು: ಪಕಾರ ಹಕಾರವಾಗಿ ಹಕಾರ ಉಸಿರಿನಲ್ಲಿ ಕರಗಿಹೋಗುವ ಈ ದಾರಿಯಲ್ಲಿ ನಮ್ಮ ಅಜ್ಜಿ ಎಲ್ಲರಿಗಿಂತ ಮುಂದೆ ಹೋಗಿದ್ದರು, ಆ ಹುಡುಗ ಎಲ್ಲರಿಗಿಂತ ಹಿಂದೆ ಉಳಿದಿದ್ದ, ಮಧ್ಯದಲ್ಲಿ ನಿಂತವರು ಇಬ್ಬರನ್ನೂ ತಿದ್ದಿದರು. ಬಿ.ಎಸ್ಸಿ. ಓದಿದ ನಮಗೆ ಇದು ವಿಜ್ಞಾನದ ಪಾಠದ ಹಾಗೆ ಕಂಡಿತು. ಒಂದೇ ಪದಾರ್ಥದ ಮೂರು ಅವಸ್ಥೆಗಳು.

ಇಷ್ಟೆಲ್ಲ ಹೇಳಿದ್ದರಿಂದ, ಮಕ್ಕಳು 'ಪಾಲು' ಎಂದೇ ಬರೆಯಲಿ, 'ಆಲು' ಎಂದೇ ಬರೆಯಲಿ ಎಂದು ನಾವು ವಾದಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. 'ಆದರದ ಸ್ವಾಗತ' ಎನ್ನಲು ಹೋಗಿ 'ಹಾದರದ ಸ್ವಾಗತ' ಎಂದವರ ಕಥೆ ಎಲ್ಲರಿಗೂ ಗೊತ್ತಿದೆ. ಇಂದಿನ ಕನ್ನಡದಲ್ಲಿ ಹಾಲು ಹಾಲೇ, ಪಾಲು ಪಾಲೇ. ಅದನ್ನು ಹುಡುಗನಿಗೆ ಹೇಳಿಕೊಡಬೇಕಿತ್ತು, ಪಕ್ಕದಲ್ಲಿ ಕೂರಿಸಿಕೊಂಡು. ಧ್ವನಿವರ್ಧಕದಲ್ಲಿ ಅಲ್ಲ.

ಈ ಪ್ರಸಂಗವನ್ನು ಈಗ ಎತ್ತಲು ಕಾರಣ, ನಮ್ಮ ಪತ್ರಿಕೆಯ ಓದುಗರ ಪತ್ರಗಳ ಪುಟ. ನಾಲ್ಕು ತಿಂಗಳಿಂದ ಅಲ್ಲಿ ಕಥೆ, ಕವಿತೆ, ಲೇಖನಗಳ ಬಗ್ಗೆ ಒಂದು ಮಾತಿಲ್ಲ. ಎಲ್ಲ ಪತ್ರಗಳೂ ತಪ್ಪು-ಒಪ್ಪಿನವು. ಮೊದಲು ಒಬ್ಬರು, ಸಭಾಂಗಣದ ಬ್ಯಾನರಿನಲ್ಲಿ 'ಹಾರ್ಧಿಕ ಸ್ವಾಗತ' ಎಂದು ಬರೆದದ್ದನ್ನು ಖಂಡಿಸಿದರು. ಅವರ ಮಾತು ನೂರಕ್ಕೆ ನೂರು ಸರಿ. ಹೃದಯಕ್ಕೆ ಸಂಬಂಧಿಸಿದ್ದು ಹಾರ್ದಿಕ. ಹೃದಯದಲ್ಲಿ ಇಲ್ಲದ ಮಹಾಪ್ರಾಣ ಸ್ವಾಗತದಲ್ಲಿ ಎಲ್ಲಿಂದ ಬರಬೇಕು? ಅವರಿಗೆ ಉತ್ತರವಾಗಿ ಇನ್ನೊಬ್ಬರು, ಅದೇ ಪತ್ರದಲ್ಲಿ 'ಅಂತರರಾಷ್ಟ್ರೀಯ' ಎಂದಿರುವುದು ತಪ್ಪು, 'ಅಂತಾರಾಷ್ಟ್ರೀಯ' ಎಂದಾಗಬೇಕು ಎಂದು ಬರೆದರು. ಸಂಸ್ಕೃತದ ಸಂಧಿ ನಿಯಮದಂತೆ ಅವರೂ ಸರಿಯೇ. ಮೂರನೆಯವರು, ಕನ್ನಡದಲ್ಲಿ ಬರೆಯುವಾಗ ಸಂಸ್ಕೃತದ ನಿಯಮ ಏಕೆ ಎಂದರು. ನಾಲ್ಕನೆಯವರು ಮೂರನೆಯವರ ಪತ್ರದಲ್ಲಿ ಅಲ್ಪವಿರಾಮಗಳನ್ನು ಎಣಿಸಿದರು. ಕಳೆದ ಸಂಚಿಕೆಯ ಹೊತ್ತಿಗೆ ಒಬ್ಬರು ಇನ್ನೊಬ್ಬರ ಮನೆತನದ ವಿದ್ಯಾಭ್ಯಾಸದವರೆಗೆ ಹೋದರು. ಸಂಪಾದಕರು ಸಜ್ಜನರು, ಎಲ್ಲವನ್ನೂ ಅಚ್ಚು ಮಾಡಿದರು.

ಮಹಾಪ್ರಾಣದ ವಿಷಯವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಮ್ಮವರ ತಪ್ಪುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯವೇ. ವಿಧ್ಯಾರ್ಥಿ, ಧೀರ್ಘ, ಉಚ್ಛಾರ, ಜನಾರ್ಧನ, ಅದ್ಧೂರಿ. ಇವುಗಳನ್ನು ಗಮನಿಸಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮಹಾಪ್ರಾಣ ಇರಬೇಕಾದಲ್ಲಿ ಬಿಟ್ಟು ಬರೆಯುವವರೂ ಇದ್ದಾರೆ; ಆದರೆ ಬೇಡದ ಕಡೆ ಸೇರಿಸುವವರೇನೂ ಕಡಿಮೆಯಿಲ್ಲ. ಏಕೆಂದರೆ ಬಹುಪಾಲು ಕನ್ನಡಿಗರ ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣ ಇಲ್ಲ. ಕಿವಿಗೆ ಕೇಳದ್ದನ್ನು ಕೈ ಊಹಿಸಿ ಬರೆಯುತ್ತದೆ. ಸಮಾರಂಭದ ಶಬ್ದವಾದರೆ ಗೌರವಕ್ಕಿರಲಿ ಎಂದು ಹೊಟ್ಟೆ ಸೀಳಿಬಿಡುತ್ತದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದನ್ನೇ ಆಧಾರ ಮಾಡಿಕೊಂಡು, ಬರಹದಲ್ಲಿಯೂ ಮಹಾಪ್ರಾಣಗಳು ಬೇಡ, ಷಕಾರ ಬೇಡ, ಋಕಾರ ಬೇಡ ಎಂದು ವಾದಿಸಿದರು. ೨೦೦೫ರಲ್ಲಿ ಬಂದ 'ಕನ್ನಡ ಬರಹವನ್ನು ಸರಿಪಡಿಸೋಣ' ಎಂಬ ಅವರ ಪುಸ್ತಕ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಅವರ ಔಷಧ ನಮಗೆ ಒಪ್ಪಿಗೆಯಿಲ್ಲ. ಕಣ್ಣಿಗೆ ರೂಢಿಯಾದ ಪದಗಳ ರೂಪ ಕೆಟ್ಟರೆ ಹಳೆಯ ಪುಸ್ತಕಗಳು ಮಕ್ಕಳಿಗೆ ಇನ್ನಷ್ಟು ದೂರವಾದಾವು ಎಂಬ ಭಯ ನಮಗಿದೆ. ಆದರೆ ರೋಗದ ಕಾರಣವನ್ನು ಅವರು ಹೇಳಿದಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. 'ವಿಧ್ಯಾರ್ಥಿ' ಎಂದು ಬರೆದವನು ಸೋಮಾರಿಯೂ ಅಲ್ಲ, ಭಾಷಾದ್ರೋಹಿಯೂ ಅಲ್ಲ. ಅವನ ನಾಲಗೆಯಲ್ಲಿ ಇಲ್ಲದ ಅಕ್ಷರವನ್ನು ಕಣ್ಣಿನಿಂದ ಕಲಿಯಬೇಕಾದವನು, ಅಷ್ಟೆ. ನಾವು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಂದ್ರ ಸರ್ಕಾರದ ಗುಮಾಸ್ತಿಕೆ ಮಾಡಿದ್ದೇವೆ. ನಾವು ದಿನಾ ಹೋಗುವ ಸ್ಥಳ ಕಚೇರಿಯೋ ಕಛೇರಿಯೋ ಎಂದು ಇನ್ನೂ ಅನುಮಾನವಿದೆ.

ಕಣ್ಣಿನಿಂದ ಕಲಿಯಲು ನಮ್ಮ ಮಕ್ಕಳಿಗೆ ಇಲ್ಲಿ ಅವಕಾಶವಾದರೂ ಎಲ್ಲಿದೆ? ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ೨೦೧೮ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಇರುವ ನಾಡಿನ ಭಾಷೆ ಕಲಿಯುವುದು ನ್ಯಾಯವೂ ಹೌದು. ಕಾಚಿಗುಡದ ನೃಪತುಂಗ ಶಾಲೆಯಂಥ ಒಂದೆರಡು ಕಡೆ ಬಿಟ್ಟರೆ ಕನ್ನಡಕ್ಕೆ ಉಳಿಯುವುದು ಅಡಿಗೆಮನೆ, ಮತ್ತು ಈ ಪತ್ರಿಕೆ. ಹೀಗಿರುವಾಗ ಈ ಪತ್ರಿಕೆ ಶುದ್ಧವಾಗಿರಬೇಕು ಎಂಬುದು ಎಷ್ಟು ನಿಜವೋ, ಇದರಲ್ಲಿ ಬರೆಯಲು ಯಾರೂ ಹೆದರಬಾರದು ಎಂಬುದೂ ಅಷ್ಟೇ ನಿಜ.

ಈಗ ಈ ಊರಿಗೇ ವಿಶೇಷವಾದ ಒಂದು ತೊಡಕಿಗೆ ಬರುತ್ತೇವೆ. ಹೈದರಾಬಾದಿನ ಕನ್ನಡಿಗರು ಒಂದೇ ಕಡೆಯಿಂದ ಬಂದವರಲ್ಲ. ನಮ್ಮಂತೆ ಹಳೆ ಮೈಸೂರಿನ ಕಡೆಯಿಂದ ಕೇಂದ್ರ ಸರ್ಕಾರದ ನೌಕರಿಗೋ ಕಾರ್ಖಾನೆಗೋ ಬಂದವರಿದ್ದಾರೆ. ಹೋಟೆಲು ಇಟ್ಟ ಉಡುಪಿಯವರಿದ್ದಾರೆ. ಈಚೆಗೆ ಕಂಪ್ಯೂಟರ್ ಕಂಪನಿಗಳಿಗೆ ಬಂದ ತರುಣರಿದ್ದಾರೆ. ಆದರೆ ಬೀದರ, ಕಲಬುರಗಿ, ರಾಯಚೂರಿನವರು 'ಬಂದವರು' ಎನ್ನುವುದೇ ಅಷ್ಟು ಸರಿಯಲ್ಲ. ೧೯೫೬ರ ನವೆಂಬರ್ ೧ರವರೆಗೆ ಅವರಿಗೆ ಇದೇ ರಾಜಧಾನಿ. ನಿಜಾಮರ ಕಾಲದಲ್ಲಿ ಆಡಳಿತವೆಲ್ಲ ಉರ್ದುವಿನಲ್ಲಿ. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲಿ. ಆ ಕಾಲದ ಕನ್ನಡಿಗರಲ್ಲಿ ಅನೇಕರು ವಿದ್ಯೆ ಕಲಿತದ್ದು ಉರ್ದುವಿನಲ್ಲಿ, ಕನ್ನಡವನ್ನು ಉಳಿಸಿಕೊಂಡದ್ದು ಮನೆಯಲ್ಲಿ. ಅವರ ಮನೆಮಾತಿನಲ್ಲಿ ಮನೆ 'ಮನಿ', ಆಸ್ಪತ್ರೆ 'ದವಾಖಾನಿ', ನನ್ನ ಹತ್ತಿರ ಎಂಬುದು 'ನನ್ನ ಬಲ್ಲಿ'.

ಎರಡು ವರ್ಷದ ಹಿಂದೆ ಬೀದರ ಕಡೆಯ ಹಿರಿಯ ತಾಯಿಯೊಬ್ಬರು, ಮದುವೆಯಾಗಿ ಈ ಊರಿಗೆ ಬಂದು ಅರವತ್ತು ವರ್ಷ ದಾಟಿದವರು, ತಮ್ಮ ಹಳೆಯ ನೆನಪುಗಳನ್ನು ಮೊಮ್ಮಗಳಿಗೆ ಹೇಳಿ ಬರೆಯಿಸಿ ಪತ್ರಿಕೆಗೆ ಕಳಿಸಿದ್ದರು. ಆಗ ಪ್ರೂಫು ನೋಡುವ ಕೆಲಸ ನಮ್ಮದು. ಕೆಂಪು ಪೆನ್ನು ಹಿಡಿದು ಕುಳಿತೆವು. ಮನಿ ಮನೆಯಾಯಿತು. ಬಲ್ಲಿ ಹತ್ತಿರವಾಯಿತು. ದವಾಖಾನಿ ಆಸ್ಪತ್ರೆಯಾಯಿತು. 'ಬಂದಾರ' ಎಂದಿದ್ದದ್ದು 'ಬಂದಿದ್ದಾರೆ' ಆಯಿತು. ಉದ್ದುದ್ದ ವಾಕ್ಯಗಳನ್ನು ಕತ್ತರಿಸಿ ಪೂರ್ಣವಿರಾಮ ಇಟ್ಟೆವು. ಅಚ್ಚಾದ ಪತ್ರಿಕೆಯನ್ನು ನಾವೇ ಹೆಮ್ಮೆಯಿಂದ ಅವರ ಮನೆಗೆ ಒಯ್ದು ಕೊಟ್ಟೆವು. ಮೊಮ್ಮಗಳು ಓದಿದಳು, ಆ ತಾಯಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಛಂದ ಬರದೀರಿ ತಮ್ಮಾ. ಆದ್ರ ಇದು ನಂದಲ್ಲ" ಎಂದರು. ಚಹಾ ಕೊಟ್ಟರು, ಕ್ಷೇಮಸಮಾಚಾರ ಕೇಳಿದರು. ಎರಡನೆಯ ಕಂತು ಮಾತ್ರ ಬರಲಿಲ್ಲ.

ನಾವು ತಿದ್ದಿದ್ದರಲ್ಲಿ ವ್ಯಾಕರಣದ ತಪ್ಪು ಎಷ್ಟು ಇತ್ತು ಎಂದು ಆಮೇಲೆ ಹಸ್ತಪ್ರತಿ ತೆಗೆದು ನೋಡಿದೆವು. ಎರಡೋ ಮೂರೋ. ಉಳಿದದ್ದೆಲ್ಲ ನಮ್ಮ ಜಿಲ್ಲೆಯ ರೂಢಿಯನ್ನು ಅವರ ಜಿಲ್ಲೆಯ ಮೇಲೆ ಹೇರಿದ್ದು. ಶುದ್ಧ ಕನ್ನಡವೆಂದರೆ ನಮ್ಮ ಕಡೆಯ ಪಠ್ಯಪುಸ್ತಕದ ಕನ್ನಡವೆಂದು ನಾವು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡಿದ್ದೆವು. 'ಕವಿರಾಜಮಾರ್ಗ'ವನ್ನು ಎಲ್ಲರೂ ವೇದಿಕೆಯ ಮೇಲೆ ಹೊಗಳುತ್ತೇವೆ, ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎದೆ ಉಬ್ಬಿಸುತ್ತೇವೆ. ಅದೇ ಗ್ರಂಥ ಕನ್ನಡದ ತಿರುಳು ಎಂದು ಹೆಸರಿಸುವ ಊರುಗಳು ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಮತ್ತು ಒಂಕುಂದ. ಎಲ್ಲವೂ ಉತ್ತರದವು. ತುಮಕೂರಿಗೂ ಮೈಸೂರಿಗೂ ಅಲ್ಲಿ ಸ್ಥಾನವಿಲ್ಲ. ಕೊಪ್ಪಳವಂತೂ ೧೯೫೬ರವರೆಗೆ ಹೈದರಾಬಾದು ರಾಜ್ಯದಲ್ಲೇ ಇತ್ತು. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಅದೂ ಹಾಗೆಯೇ. ದೋಷಗಳನ್ನು ಹೆಸರಿಟ್ಟು ಎಣಿಸಿದ ಆ ಗ್ರಂಥಕರ್ತನೇ, ಕನ್ನಡದ ದೇಸಿಗಳು ಬೇರೆಬೇರೆಯಾಗಿ ಎಷ್ಟಿವೆಯೆಂದರೆ ಸಾವಿರ ನಾಲಗೆಯ ವಾಸುಕಿಗೂ ತಿಳಿದು ಮುಗಿಸಲಾಗದು ಎಂಬ ಅರ್ಥದ ಮಾತು ಹೇಳಿ ಕೈಮುಗಿದಿದ್ದಾನೆ. ನಮ್ಮ ಬಳಿ ಇದ್ದದ್ದು ಒಂದು ನಾಲಗೆ, ಒಂದು ಕೆಂಪು ಪೆನ್ನು.

ಇದರಲ್ಲಿ ಇಲ್ಲಿಯ ತೆಲುಗರ ಅನುಭವ ನಮಗೆ ಪಾಠವಾಗಬೇಕಿತ್ತು. ಗ್ರಾಂಥಿಕ ತೆಲುಗಿನ ವಿರುದ್ಧ ಆಡುಮಾತಿನ ಪರವಾಗಿ ಗಿಡುಗು ರಾಮಮೂರ್ತಿಯವರು ಹೋರಾಡಿದರು. ಅವರ ಜನ್ಮದಿನವಾದ ಆಗಸ್ಟ್ ೨೯ ಇಂದು ತೆಲುಗು ಭಾಷಾ ದಿನ. ಆದರೆ ಗೆದ್ದ ಆಡುಮಾತು ಕರಾವಳಿ ಜಿಲ್ಲೆಗಳದ್ದಾಯಿತು, ತೆಲಂಗಾಣದ ಮಾತು ಸಿನಿಮಾದಲ್ಲಿ ನಗೆಪಾಟಲಾಯಿತು ಎಂಬ ನೋವು ಇಲ್ಲಿಯವರಲ್ಲಿ ಉಳಿದೇ ಇತ್ತು. ೨೦೧೪ರಲ್ಲಿ ರಾಜ್ಯವಾದ ಮೇಲೆ ಕವಿ ಕಾಳೋಜಿ ನಾರಾಯಣರಾಯರ ಜನ್ಮದಿನವಾದ ಸೆಪ್ಟೆಂಬರ್ ೯ನ್ನು ತೆಲಂಗಾಣ ಭಾಷಾ ದಿನವನ್ನಾಗಿ ಮಾಡಿಕೊಂಡರು. ತೆಲುಗಿನಲ್ಲಿ 'ನಾವು' ಎನ್ನಲು ಎರಡು ಶಬ್ದಗಳಿವೆ: ಕೇಳುವವನನ್ನೂ ಸೇರಿಸಿಕೊಂಡರೆ 'ಮನಂ', ಅವನನ್ನು ಬಿಟ್ಟರೆ 'ಮೇಮು'. ನಮ್ಮಲ್ಲಿ ಎರಡಕ್ಕೂ 'ನಾವು' ಒಂದೇ. 'ನಮ್ಮ ಕನ್ನಡ' ಎಂದು ಭಾಷಣ ಮಾಡುವಾಗ ಎದುರಿಗೆ ಕುಳಿತ ಬೀದರಿನ ತಾಯಿ ಅದರಲ್ಲಿ ಇದ್ದಾರೋ ಇಲ್ಲವೋ ನಮ್ಮ ವ್ಯಾಕರಣದಿಂದ ತಿಳಿಯುವುದಿಲ್ಲ.

ಲೇಖನ ಚಿಹ್ನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಅಲ್ಪವಿರಾಮ ಎಣಿಸಿದ ಮಿತ್ರರು ಮುನಿಯಬಾರದು. ಓಲೆಗರಿಯ ಕಾಲದಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಇರಲಿಲ್ಲ. ಪದ್ಯ ಮುಗಿದಲ್ಲಿ ದಂಡ ಹಾಕಿದರೆ ಮುಗಿಯಿತು. ಇಂದಿನ ಚಿಹ್ನೆಗಳೆಲ್ಲ ಅಚ್ಚಿನ ಜೊತೆಗೆ ಇಂಗ್ಲಿಷಿನ ದಾರಿಯಲ್ಲಿ ಬಂದವು. ಕನ್ನಡಕ್ಕೆ ತನ್ನದೇ ಉಪಾಯಗಳಿದ್ದುವು. 'ಬಂದನೇ' ಎಂದರೆ ಕೊನೆಯ ಏಕಾರವೇ ಪ್ರಶ್ನೆ. ಅದರ ಮುಂದೆ ಕೊಕ್ಕೆ ಹಾಕದಿದ್ದರೂ ಯಾರಿಗೂ ಸಂಶಯ ಬಾರದು. ಪರರ ಮಾತು ಎಲ್ಲಿ ಮುಗಿಯಿತೆಂದು ತೋರಿಸಲು 'ಎಂದು' ಇದೆ. 'ಅಕ್ಕನೂ ಭಾವನೂ ಮಕ್ಕಳೂ ಬಂದರು' ಎನ್ನುವಲ್ಲಿ ಊಕಾರಗಳೇ ಅಲ್ಪವಿರಾಮಗಳು. ಹಾಗೆಂದು ಚಿಹ್ನೆ ಬೇಡವೆಂದಲ್ಲ. ಹಿಂದೊಮ್ಮೆ ನಮ್ಮ ನಾಟಕದ ಪ್ರಕಟಣೆಯಲ್ಲಿ 'ಹಿರಿಯ, ಮಹಿಳಾ ಸದಸ್ಯರಿಗೆ ಮುಂದಿನ ಸಾಲುಗಳು ಮೀಸಲು' ಎಂದಿರಬೇಕಾದದ್ದು ಅಲ್ಪವಿರಾಮ ಬಿಟ್ಟು ಅಚ್ಚಾಯಿತು. ಎಪ್ಪತ್ತು ದಾಟಿದ ಗಂಡಸರನ್ನು ಸ್ವಯಂಸೇವಕರು ಹಿಂದಕ್ಕೆ ಕಳಿಸಿದರು. ಮಹಿಳೆಯರಲ್ಲಿ ತಾವು ಹಿರಿಯರೆಂದು ಒಪ್ಪಿಕೊಳ್ಳುವವರು ಯಾರೂ ಸಿಗಲಿಲ್ಲ. ಮೊದಲ ಎರಡು ಸಾಲು ನಾಟಕ ಮುಗಿಯುವವರೆಗೆ ಖಾಲಿ. ಇಂಥ ಕಡೆ ಒಂದು ಅಲ್ಪವಿರಾಮಕ್ಕೆ ಲಕ್ಷ ರೂಪಾಯಿ ಬೆಲೆ. ಅರ್ಥ ಕೆಡದಿರುವಲ್ಲಿ ಅದನ್ನು ಎಣಿಸುತ್ತ ಕೂರುವುದು ನಮ್ಮ ಕಚೇರಿಯಲ್ಲಿ ಗುಂಡುಸೂಜಿಯ ಲೆಕ್ಕ ಬರೆದಂತೆ.

ನಮಗೆ ಆಶ್ಚರ್ಯವೆನಿಸುವುದು, ಇಷ್ಟು ಸೂಕ್ಷ್ಮದೃಷ್ಟಿಯ ಮಹನೀಯರ ಕಣ್ಣಿಗೆ ಬೀಳದೆ ಉಳಿದಿರುವ ದೋಷಗಳು. ಕಳೆದ ವಾರ್ಷಿಕ ವರದಿಯನ್ನು ತೆಗೆದು ನೋಡಿ. 'ಸಮಾರಂಭವು ಅಧ್ಯಕ್ಷರಿಂದ ಉದ್ಘಾಟಿಸಲ್ಪಟ್ಟಿತು.' 'ಲಘು ಉಪಾಹಾರವು ಎಲ್ಲರಿಗೂ ಹಂಚಲ್ಪಟ್ಟಿತು.' 'ನಮ್ಮ ಸಂಘವು ಒಂದು ಹಳೆಯ ಸಂಘವಾಗಿದೆ.' ಇಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ, ಚಿಹ್ನೆಗಳೆಲ್ಲ ಸ್ವಸ್ಥಾನದಲ್ಲಿವೆ. ಆದರೆ ಯಾವ ಕನ್ನಡಿಗನ ಬಾಯಿಂದಲೂ ಈ ವಾಕ್ಯ ಹುಟ್ಟಿದ್ದಲ್ಲ. ಇದು ಇಂಗ್ಲಿಷಿನ ಕಡತದಿಂದ ಹುಟ್ಟಿದ್ದು. ದಿನವಿಡೀ ಅದೇ ಕಡತಗಳ ನಡುವೆ ಬದುಕುವ ನಮಗೆ ಅದರ ವಾಸನೆ ಬೇಗ ಹತ್ತುತ್ತದೆ. ಅಧ್ಯಕ್ಷರು ಉದ್ಘಾಟಿಸಿದರು, ಎಲ್ಲರಿಗೂ ತಿಂಡಿ ಕೊಟ್ಟರು, ನಮ್ಮದು ಹಳೆಯ ಸಂಘ. ಬೀದರಿನ ಆ ತಾಯಿಯ ಹಸ್ತಪ್ರತಿಯಲ್ಲಿ ಹದಿನಾಲ್ಕು ಪುಟಗಳಿದ್ದುವು. ಒಂದೇ ಒಂದು 'ಲ್ಪಟ್ಟಿತು' ಇರಲಿಲ್ಲ.

ತಿದ್ದುವವರು ಬೇಡವೆ? ಬೇಕು. ಆದರೆ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯಬೇಕು. ೧೯೯೧ರಿಂದ ಪ್ರಜಾವಾಣಿಯಲ್ಲಿ ಅವರ 'ಇಗೋ ಕನ್ನಡ' ಬಂತು. ಜನ ಕೇಳಿದರು, ಅವರು ಹೇಳಿದರು. ಪದ ಎಲ್ಲಿಂದ ಬಂತು, ಹೇಗೆ ಬದಲಾಯಿತು, ಈಗ ರೂಢಿ ಯಾವುದು ಎಂದು ವಿವರಿಸಿದರು; ಮೂಲರೂಪಕ್ಕಿಂತ ಬೇರೆಯಾದದ್ದು ರೂಢಿಯಲ್ಲಿ ನೆಲೆಯೂರಿದ್ದರೆ ಅದನ್ನೂ ಮನ್ನಿಸಿದರು. ೧೯೧೩ರಲ್ಲಿ ಹುಟ್ಟಿ ೨೦೨೧ರಲ್ಲಿ ತೀರಿಕೊಂಡ ಆ ಹಿರಿಯರ ಬಳಿ ತಪ್ಪು ಬರೆದವನು ನಾಚದೆ ಹೋಗಿ ಕೇಳಬಹುದಿತ್ತು. ನಮ್ಮ ಪತ್ರಗಳ ಪುಟದಲ್ಲಿ ಕೇಳಿದವರೇ ಇಲ್ಲ, ಹೇಳುವವರೇ ಎಲ್ಲ. ಸಂಪಾದಕರಿಗೆ ನಮ್ಮ ವಿನಂತಿಯಿಷ್ಟೆ: ಬ್ಯಾನರು, ಆಹ್ವಾನಪತ್ರ, ವರದಿ ಇವುಗಳನ್ನು ಅಚ್ಚಿಗೆ ಹೋಗುವ ಮೊದಲೇ ಈ ನಾಲ್ವರು ಪತ್ರಲೇಖಕರಿಗೆ ತೋರಿಸಿ ತಿದ್ದಿಸಿಕೊಳ್ಳಿ, ಅಷ್ಟು ವಿದ್ವತ್ತು ಸುಮ್ಮನೆ ಹೋಗಬಾರದು. ಮಕ್ಕಳ ಪುಟವನ್ನು ಬರೆದ ಮಗುವಿನ ಮುಂದೆಯೇ ತಿದ್ದಿ. ಹಿರಿಯರ ನೆನಪುಗಳನ್ನು ಅವರನ್ನು ಕೇಳದೆ ಮುಟ್ಟಬೇಡಿ.

ಹೋದ ತಿಂಗಳು ನಾವು ಮತ್ತೆ ಆ ತಾಯಿಯ ಮನೆಗೆ ಹೋಗಿದ್ದೆವು. ತಪ್ಪಾಯಿತೆಂದು ಹೇಳಿ, ಎರಡನೆಯ ಕಂತು ಕೊಡಬೇಕೆಂದು ಕೇಳಿದೆವು. ಮೊದಲು ಆಗದೆಂದರು, ಆಮೇಲೆ ಮೊಮ್ಮಗಳನ್ನು ಕರೆದರು. ಆ ಕಂತಿನ ಪ್ರೂಫು ಈಗ ನಮ್ಮ ಮುಂದಿದೆ. ಮನಿ, ಬಲ್ಲಿ, ದವಾಖಾನಿ ಎಲ್ಲವೂ ಇದ್ದಲ್ಲಿಯೇ ಇವೆ. ಒಂದು ಕಡೆ ಮಾತ್ರ ಪೆನ್ನು ನಿಂತಿತು: ಅವರ ಮಾವನವರು ಕೂರುತ್ತಿದ್ದ ಆಸನವನ್ನು ಒಂದು ಸಾಲಿನಲ್ಲಿ 'ಖುರ್ಚಿ' ಎಂದೂ ಮುಂದಿನ ಸಾಲಿನಲ್ಲಿ 'ಕುರ್ಚಿ' ಎಂದೂ ಬರೆದಿದೆ. ಉರ್ದುವಿನ ಮೂಲದಲ್ಲಿ ಮಹಾಪ್ರಾಣವಿಲ್ಲ. ಅಲ್ಲಿ ಅದು ಕುರ್ಸಿ. ದೂರವಾಣಿ ಮಾಡಿ ಕೇಳಿದೆವು. "ಖುರ್ಚಿ ನಂದು ತಮ್ಮಾ, ಕುರ್ಚಿ ಈ ಹುಡುಗಿದು. ಆಕಿ ಸಾಲಿ ಕಲ್ತಾಳಲ್ಲ" ಎಂದು ನಕ್ಕರು. ಎರಡನ್ನೂ ಹಾಗೆಯೇ ಬಿಟ್ಟಿದ್ದೇವೆ.